ಮಗ್ಗದ ಕುಣಿಯಲ್ಲಿ ನೀಲವ್ವ

ನಮ್ಮ ಬನಹಟ್ಟಿ ಇನ್ನೂ ಮುಂಬೈ ರಾಜ್ಯದಲ್ಲಿದ್ದ ಕಾಲ. ಪಡಸಾಲೆಯಲ್ಲೇ ಮಗ್ಗ. ನೂಲಿಗೆ ಹಚ್ಚಿದ ಗಂಜಿಯ ಹುಳಿ ವಾಸನೆ ಮನೆಯ ತುಂಬ. ನೇಯುವವರು ಕಾಲು ಇಳಿಬಿಡುವ ಮಗ್ಗದ ಕುಣಿಯೇ ನಮಗೆ ಕಣ್ಣಾಮುಚ್ಚಾಲೆಯ ಜಾಗ.

ನನ್ನ ತಂಗಿ ನೀಲವ್ವನಿಗೆ ಆಗ ಒಂಬತ್ತು ವರ್ಷ. ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. "ನೀರು ಬೇಕೇನು?" ಎಂದರೆ "ನೀರು ಬೇಕೇನು?" ಎಂದೇ ಅನ್ನುವಳು. ಆದರೆ ಒಮ್ಮೆ ಕೇಳಿದ ಮಾತನ್ನು ಆಡಿದವರದೇ ದನಿಯಲ್ಲಿ, ಕೆಮ್ಮು ಸಹಿತ ಒಪ್ಪಿಸುತ್ತಿದ್ದಳು. ಈಗ ಇಂಥ ಮಕ್ಕಳಿಗೆ ಆಟಿಸಂ ಎನ್ನುತ್ತಾರೆ. ಒಂದು ಬಾರದಿದ್ದರೂ ಕೆಲವರಿಗೆ ಇನ್ನೊಂದು ವಿಪರೀತ ಬರುತ್ತದಂತೆ. ಆಗ ಓಣಿಯವರು "ಹುಚ್ಚಿ" ಎನ್ನುತ್ತಿದ್ದರು. ಆ ಮಾತಿಗೇ ಅಕ್ಕ ಗಂಗವ್ವನ ಎರಡು ಸಂಬಂಧ ತಪ್ಪಿಹೋಗಿದ್ದವು.

ಮೂರನೆಯದು ಮುಧೋಳದ್ದು. ಅವರು ಹೆಣ್ಣು ನೋಡಲು ಬರುವ ಹೊತ್ತಿಗೆ ಅವ್ವ ನೀಲವ್ವನನ್ನು ಕುಣಿಯಲ್ಲಿ ಕೂಡಿಸಿ, ಬಣ್ಣಬಣ್ಣದ ನೂಲು ಸುತ್ತಿದ ಕಂಡಿಕೆ ಕೊಟ್ಟು, ಮೇಲೆ ಜಮಖಾನೆ ಹೊದಿಸಿದಳು. ಕಂಡಿಕೆಗಳನ್ನು ಬಣ್ಣ ನೋಡಿ ಸಾಲು ಹಚ್ಚುತ್ತ ಅವಳು ಗಂಟೆಗಟ್ಟಲೆ ಸುಮ್ಮನಿರುತ್ತಿದ್ದಳು.

ಉಪ್ಪಿಟ್ಟು ಮುಗಿಯಿತು. ವರನ ತಾಯಿ ಕೇಳಿದರು: "ಮನ್ಯಾಗ ಮತ್ತ ಯಾರದಾರ್ರಿ?"

"ಇಷ್ಟ ಮಂದಿರಿ," ಎಂದರು ಅಪ್ಪ.

ನೆಲದೊಳಗಿಂದ ಅವ್ವನ ದನಿ ಬಂತು: "ಹುಡುಗನ ತಲ್ಯಾಗ ಒಂದ ಕೂದಲಿಲ್ಲಂತ, ಅತ್ತಿ. ಅದಕ್ಕ ಟೊಪಗಿ ತಗಿಯಂಗಿಲ್ಲಂತ. ಇರಲಿ, ಮನಿ ಛಲೋ ಐತಿ."

ಬೆಳಿಗ್ಗೆ ರವೆ ಹುರಿಯುತ್ತ ಅವ್ವ ನಮ್ಮಜ್ಜಿಗೆ ಹೇಳಿದ್ದ ಮಾತು! ಈಗ ಅವ್ವ ಚಹಾದ ತಾಟು ಹಿಡಿದು, ಬಾಯಿ ಮುಚ್ಚಿಕೊಂಡು ಎಲ್ಲರ ಎದುರೇ ನಿಂತಿದ್ದಳು. ವರನ ತಾಯಿ ಅವಳ ಬಾಯಿಯನ್ನೂ ನೆಲವನ್ನೂ ನೋಡಿ, "ಯವ್ವಾ, ದೆವ್ವ!" ಎಂದು ಗಂಡನ ಧೋತರ ಹಿಡಿದರು.

ವರ ಎದ್ದು ಹೋಗಿ ಜಮಖಾನೆ ಸರಿಸಿದರು. ನೀಲವ್ವ ತಲೆ ಎತ್ತಲಿಲ್ಲ. ಹಸಿರು ಕಂಡಿಕೆಯ ಪಕ್ಕ ಇನ್ನೊಂದು ಹಸಿರು ಇಟ್ಟಳು. ಅವರು ಟೊಪಗಿ ತೆಗೆದರು. ತಲೆ ತಾಮ್ರದ ತಂಬಿಗೆಯಂತೆ ಹೊಳೆಯಿತು.

"ಖರೆನ ಐತ್ರಿ," ಎಂದರು. "ನೀವೂ ಮುಚ್ಚಿಟ್ರಿ, ನಾವೂ ಮುಚ್ಚಿಟ್ವಿ. ಸಮ ಆತು."

ಬಾಗಿಲ ಹಿಂದೆ ಅಕ್ಕ ಕಿಸಕ್ಕನೆ ನಕ್ಕಳು. ಮದುವೆ ಗಟ್ಟಿಯಾದದ್ದು ಆ ನಗೆಯಿಂದಲೇ. ಮುಂದೆ ಅಕ್ಕನ ಗಂಡನಾದ ಆ ಮಾವ ಬಂದಾಗಲೆಲ್ಲ ನೀಲವ್ವನ ಮುಂದೆ ತಲೆ ಬಗ್ಗಿಸಿ, "ನೋಡ ನೀಲಾ, ಕೂದಲ ಬಂದಾವೇನು?" ಎನ್ನುವರು. "ಕೂದಲ ಬಂದಾವೇನು?" ಎಂದು ಅವಳೂ ಕೇಳುವಳು.

ಅವ್ವ ಹೋದ ಮೇಲೂ ದಿನಾ ದೀಪ ಹಚ್ಚುವ ಹೊತ್ತಿಗೆ ಅವ್ವನ ದನಿ ಮನೆಯಲ್ಲಿತ್ತು: "ಉಂಡೀಯೇನೋ ಯಪ್ಪಾ? ಸಣ್ಣ ಆಗೀಯಲ್ಲೋ." ಹಲ್ಲು ಬಿದ್ದ ನಾನು "ಉಂಡೆ ಬೇ" ಎನ್ನುತ್ತಿದ್ದೆ.

ಹೋದ ತಿಂಗಳು ನೀಲವ್ವ ತೀರಿಕೊಂಡಳು. ಅವ್ವ ಪೂರ್ತಿಯಾಗಿ ಹೋದದ್ದು ಅಂದೇ. ಈಗಲೂ ಸಂಜೆ ತಾಟು ತೊಳೆದಿಟ್ಟು, "ಉಂಡೆ ಬೇ" ಎನ್ನುತ್ತೇನೆ. "ಉಂಡೀಯೇನೋ" ಎಂದು ಯಾರೂ ಕೇಳಿರುವುದಿಲ್ಲ.