ಕಿವಿಯಲ್ಲಿ ನೀರಿದೆ

ಹೆರಿಗೆ ವಾರ್ಡಿಗೆ ಗುಮಾಸ್ತನಾಗಿ ಸೇರಿದ ಹೊಸತರಲ್ಲಿ, ಎಲ್ಲರೂ ಕಿವಿಯಕ್ಕ ಎಂದು ಕರೆಯುವ ಆ ಹೆಂಗಸು ಕೂಸುಗಳಿಗೆ ಹಾಡು ಕೇಳಿಸುತ್ತಾಳೆಂದೇ ಅವನು ನಂಬಿದ್ದ. ತಳ್ಳುಗಾಡಿಯ ಮೇಲೊಂದು ಪುಟ್ಟ ಯಂತ್ರ, ಅದರಿಂದ ಕೂಸಿನ ಕಿವಿಗೊಂದು ವೈರು, ಇನ್ನೇನೆಂದುಕೊಳ್ಳಬೇಕು? ಒಂದು ದಿನ ತಡೆಯಲಾರದೆ ಕೇಳಿಯೂ ಬಿಟ್ಟ: "ಅಕ್ಕಾ, ಇವತ್ತು ಯಾವುದಾದ್ರೂ ಹಳೇ ಹಾಡು ಹಾಕಿ."

"ಹಾಕ್ತೀನಿ. ಮೊದ್ಲು ನೀನು ಬಟ್ಟೆ ಸುತ್ತಿಸ್ಕೊಂಡು ತೊಟ್ಟಿಲಲ್ಲಿ ಮಲಕ್ಕೋ."

ಅದು ಕಿವಿಯ ಪರೀಕ್ಷೆ. ಯಂತ್ರ ಟಿಕ್ ಟಿಕ್ ಎನ್ನುತ್ತದೆ; ಒಳಗಿವಿ ಸರಿಯಿದ್ದರೆ ಸಣ್ಣಗೆ ಮಾರ್ದನಿಸುತ್ತದೆ, ಹಸಿರು ದೀಪ ಹತ್ತುತ್ತದೆ. ಇಲ್ಲದಿದ್ದರೆ ಕೆಂಪು. ಕೂಸು ನಿದ್ದೆಯಲ್ಲಿರಬೇಕು. ಹಾಗಾಗಿ ಹತ್ತೊಂಬತ್ತು ವರ್ಷದಿಂದ ಕಿವಿಯಕ್ಕನದು ಬೆಕ್ಕಿನ ಹೆಜ್ಜೆ, ಎಣ್ಣೆ ಬಿಟ್ಟ ಚಕ್ರ, ಪಿಸುಮಾತು. "ಟೀವಿ ಆಫ್ ಮಾಡಿದ್ರೇನೇ ನನ್ ಗಂಡನಿಗೆ ನಾನು ಬೈತಿರೋದು ಗೊತ್ತಾಗೋದು," ಎನ್ನುತ್ತಿದ್ದಳು.

ಕೆಂಪು ಹತ್ತಿದಾಗ ತಾಯಂದಿರಿಗೆ ಹೇಳಲು ಅವಳ ಬಳಿ ಒಂದೇ ಮಾತು: "ಕಿವಿಯಲ್ಲಿ ನೀರಿದೆ. ಒಣಗ್ಲಿ, ಮತ್ತೆ ನೋಡೋಣ." ಹೆಚ್ಚಿನವರ ಪಾಲಿಗೆ ಅದು ನಿಜವೂ ಆಗುತ್ತಿತ್ತು.

ಗುಮಾಸ್ತನಿಗೆ ಮಗಳು ಹುಟ್ಟಿದಳು. ಕೆಂಪು ಹತ್ತಿತು. ಅವನು ಆ ನೀರಿನ ಮಾತನ್ನೇ ಹೆಂಡತಿಗೆ ದೊಡ್ಡ ಡಾಕ್ಟರನ ಗತ್ತಿನಲ್ಲಿ ವಿವರಿಸಿದ. ಮನೆಗೆ ಹೊರಡುವ ದಿನ ಮತ್ತೆ ಕೆಂಪು. ಈ ಸಲ ಕಿವಿಯಕ್ಕ ನೀರಿನ ಮಾತೆತ್ತಲಿಲ್ಲ. ವೈರು ಸುತ್ತುತ್ತ, "ದೊಡ್ಡ ಪರೀಕ್ಷೆ ಮಾಡಿಸ್ಬೇಕು ಕಣೋ," ಎಂದಳು.

ಅವನ ತಾಯಿ ಒಪ್ಪಬೇಕಲ್ಲ? ಕೂಸು ಮಲಗಿದ್ದ ಮಂಚದ ಮೇಲೆಯೇ ಸ್ಟೀಲ್ ತಟ್ಟೆಯಿಟ್ಟು ಚಮಚದಿಂದ ಬಾರಿಸಿದಳು. ಕೂಸು ಬೆಚ್ಚಿ ಕೈ ಚಾಚಿತು.

"ನೋಡಮ್ಮಾ, ಹೆಂಗೆ ಬೆಚ್ತು! ಕಿವುಡು ನಿನ್ ಯಂತ್ರಕ್ಕೆ!"

ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಗುಮಾಸ್ತ. ಕಿವಿಯಕ್ಕ ತಟ್ಟೆಯನ್ನೆತ್ತಿ, ಮಂಚಕ್ಕೆ ತಾಗದಂತೆ ಹಿಡಿದು, ಇನ್ನೂ ಬಲವಾಗಿ ಬಾರಿಸಿದಳು. ವಾರ್ಡಿನ ಕೂಸುಗಳೆಲ್ಲ ಕಿರುಚಿ ಎದ್ದವು. ಇದೊಂದು ಹಾಯಾಗಿ ಮಲಗಿತ್ತು.

ಮೂರು ವಾರದ ಮೇಲೆ ಹಣೆಗೆ ತಂತಿ ಅಂಟಿಸಿ ದೊಡ್ಡ ಪರೀಕ್ಷೆಯೂ ಆಯಿತು. ಎರಡೂ ಒಳಗಿವಿ ಗರ್ಭದಲ್ಲೇ ಸರಿಯಾಗಿ ಬೆಳೆದಿಲ್ಲ ಎಂದು ವೈದ್ಯರು ಬರೆದುಕೊಟ್ಟರು. ಗುಮಾಸ್ತ ಆ ಚೀಟಿಯನ್ನು ಕಿವಿಯಕ್ಕನ ಮುಂದೆ ಹಿಡಿದ. ಅವಳು ಓದಿ ಮಡಚಿ ಕೊಟ್ಟಳು.

"ಅಕ್ಕಾ, ಹೊಟ್ಟೆಯೊಳಗಿಂದಾನೇ ಕೂಸಿಗೆ ದನಿ ಕೇಳ್ಸತ್ತೆ ಅಂತ ನೀವೇ ಹೇಳಿದ್ರಿ. ನಾನು ದಿನಾ ಕೆಲಸ ಮುಗಿಸಿ ಹೋಗಿ, ಅವಳ ಹೊಟ್ಟೆಗೆ ಬಾಯಿಟ್ಟು ಗಂಟೆಗಟ್ಟಲೆ ಹರಟ್ತಿದ್ದೆ. ಅದರಲ್ಲಿ ಒಂದಾದ್ರೂ…?"

"ನಿನ್ನ ಹೆಂಡ್ತಿ ಕೇಳಿಸ್ಕೊಂಡಿರ್ತಾಳೆ. ಕೂಸಿಗೆ ಒಂದೂ ಕೇಳಿಲ್ಲ."