ದೊರ್ಸಿಲಾ ದೊಡ್ಡಮ್ಮ ಬಿತ್ತಿದ ಜೋಳ

ದೊರ್ಸಿಲಾ ದೊಡ್ಡಮ್ಮನನ್ನು ನಾನು ಮೊದಲು ಕಂಡಾಗ ನನಗೆ ಏಳು ವರ್ಷ, ಮುಂದಿನ ನಾಲ್ಕು ಹಲ್ಲು ಬಿದ್ದಿದ್ದವು. ದೊಡ್ಡಪ್ಪನನ್ನು ಮದುವೆಯಾಗಿ ಅವರು ಹಿಂದಿನ ದಿನವಷ್ಟೇ ನಮ್ಮಲ್ಲಿಗೆ ಬಂದಿದ್ದರು. ಹಳದಿ ತಲೆವಸ್ತ್ರ ಕಟ್ಟಿಕೊಂಡು, ಮೂರು ಕಲ್ಲಿನ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಮೆಕ್ಕೆಜೋಳದ ತೆನೆ ಸುಡುತ್ತಿದ್ದರು. ನನ್ನ ಬೊಚ್ಚುಬಾಯಿ ನೋಡಿ, “ಯಾರೋ ನೀನು, ಇಷ್ಟು ಚಿಕ್ಕ ಮುದುಕ?” ಎಂದು ನಕ್ಕರು. ಆಮೇಲೆ ಹೆಬ್ಬೆರಳಿನಿಂದ ಕಾಳು ಬಿಡಿಸಿ, ಊದಿ ಆರಿಸಿ, ಒಂದೊಂದಾಗಿ ನನ್ನ ಅಂಗೈಗೆ ಹಾಕಿದರು.

ನನಗೆ ಇಪ್ಪತ್ತೊಂದಾದಾಗ ದೊಡ್ಡಪ್ಪ ಸರೋವರದಲ್ಲಿ ದೋಣಿ ಮಗುಚಿ ತೀರಿಕೊಂಡರು. ಆ ಸರೋವರದ ದಂಡೆಯ ನಮ್ಮ ಲುವೋ ಜನರಲ್ಲಿ ಗಂಡ ಸತ್ತವಳು ಗಂಡನ ಕಡೆಯ ಗಂಡಸೊಬ್ಬನೊಡನೆ ಮಲಗಿ ಶುದ್ಧಳಾಗುವ ತನಕ ಬೀಜ ಮುಟ್ಟುವಂತಿಲ್ಲ. ಹಿರಿಯ ಸೊಸೆ ಬಿತ್ತದೆ ಕಿರಿಯ ಸೊಸೆ ಬಿತ್ತುವಂತಿಲ್ಲ. ಆ ಕಿರಿಯ ಸೊಸೆ ನನ್ನ ಅಮ್ಮ. ಹಿರಿಯರು ದೂರದ ದಾಯಾದಿಯೊಬ್ಬನನ್ನು ಗೊತ್ತುಮಾಡಿದರು. ದೊಡ್ಡಮ್ಮ ಒಲ್ಲೆ ಎಂದರು. ಮಳೆ ಬಂದು ಹನ್ನೆರಡು ದಿನವಾಯಿತು. ಸುತ್ತಲಿನ ಹೊಲಗಳಲ್ಲೆಲ್ಲ ಮೊಳಕೆ ಎದ್ದಿತ್ತು. ನಮ್ಮದರಲ್ಲಿ ಬರೀ ಕಳೆ.

ಕಾಲೇಜಿಗೆ ರಜೆ. ಮನೆಗೆ ಬಂದವನನ್ನು ಅಮ್ಮ ಹಿಡಿದುಕೊಂಡಳು. “ಒಬುರಾ, ಅಕ್ಕಂಗೆ ನಿನ್ ಮಾತಂದ್ರೆ ಪ್ರಾಣ. ಹೋಗಿ ಹೇಳೋ. ನಿನ್ ತಂಗೀರು ಈ ವರ್ಷ ಕಳೆ ತಿನ್ಬೇಕಾ?”

ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು ನಾನು. ಹೋದೆ.

ದೊಡ್ಡಮ್ಮ ಗುದ್ದಲಿಗೆ ಹೊಸ ಕಾವು ಹಾಕುತ್ತಿದ್ದರು. “ಓದಿದೋನು ನೀನು, ಹೇಳು. ಗಂಡ್ಸು ಬಂದು ಮಲಗಿದ್ರೇನೇ ಜೋಳ ಮೊಳೆಯೋದು ಅಂತ ನಿನ್ ಪುಸ್ತಕದಲ್ಲೂ ಬರ್ದಿದ್ಯಾ?”

ಇಲ್ಲ ಎನ್ನಬೇಕಿತ್ತು. ನಾನು ನೆಲ ನೋಡುತ್ತ, “ಒಂದು ರಾತ್ರಿ ಮಾತಲ್ವಾ ದೊಡ್ಡಮ್ಮ?” ಎಂದೆ.

ಅವರು ಕಾವನ್ನು ಕಲ್ಲಿಗೆ ಕುಟ್ಟಿ ಬಿಗಿಮಾಡಿದರು. ಆಮೇಲೆ, “ಬೀಜ ತೆಗ್ದಿಡು ಅಂತ ನಿಮ್ಮಮ್ಮಂಗೆ ಹೇಳು” ಎಂದರು. ಗುದ್ದಲಿಯಿಂದ ಕಣ್ಣು ಎತ್ತಲಿಲ್ಲ.

ಮರುದಿನ ಸಂಜೆ ಆ ಮನುಷ್ಯನ ಕೋಟು ಅವರ ಬಾಗಿಲ ಮೊಳೆಯಲ್ಲಿ ತೂಗುತ್ತಿತ್ತು. ಬೆಳಗಾದ ಮೇಲೆ ದೊಡ್ಡಮ್ಮ ಬಿತ್ತಿದರು. ಅದರ ಮಾರನೆಯ ದಿನ ಅಮ್ಮ. ಬೆಳೆ ಚೆನ್ನಾಗಿಯೇ ಬಂತು. ಆ ಜೋಳದ ಮುದ್ದೆ ತಿಂದೇ ನಾನು ಪದವಿ ಮುಗಿಸಿದೆ.

ಮುಂದಿನ ಮಳೆಗಾಲಕ್ಕೆ ಅವನು, ಪ್ರತಿ ಬಿತ್ತನೆಗೂ ಮುಂಚೆ ಇದು ನಡೆಯಬೇಕೆಂದು, ಮತ್ತೆ ಬಂದು ಕೋಟು ತೂಗುಹಾಕಿದನಂತೆ. ದೊಡ್ಡಮ್ಮ ಅದನ್ನು ಅಂಗಳಕ್ಕೆಸೆದು, “ಬಟ್ಟೆ ಒಣಗಿಸೋಕೆ ಬೇರೆ ಮೊಳೆ ನೋಡ್ಕೋ” ಎಂದು, ಯಾರನ್ನೂ ಕೇಳದೆ ಬಿತ್ತಿದರಂತೆ. ಹಿರಿಯರು ಬೈದರು. ಜೋಳ ಮೊಳೆಯಿತು.

ಎಷ್ಟೋ ವರ್ಷದ ಮೇಲೆ ತಪ್ಪಾಯಿತು ಎಂದು ಹೇಳಲು ಹೋದೆ. ಅವರು ಒಲೆಯ ಮುಂದೆಯೇ ಇದ್ದರು. ಸುಟ್ಟ ತೆನೆಯನ್ನು ಇಡಿಯಾಗಿ ನನ್ನ ಕೈಗೆ ಕೊಟ್ಟು, “ಈಗ ಹಲ್ಲಿದಾವಲ್ಲ, ನೀನೇ ಬಿಡಿಸ್ಕೊಂಡು ತಿನ್ನು” ಎಂದರು. ಕಾಳು ಬಿಡಿಸಿಕೊಂಡು ತಿಂದು ಎದ್ದು ಬಂದೆ. ತಪ್ಪಾಯಿತು ಎಂದು ಇವತ್ತಿಗೂ ಹೇಳಿಲ್ಲ.

ದೊಡ್ಡಮ್ಮನಿಗೆ ಈಗ ಅರವತ್ತೆರಡು. ಪ್ರತಿ ವರ್ಷ ಮೊದಲ ಮಳೆ ಬಿದ್ದಾಗ, ಆ ಶುದ್ಧಿಯನ್ನು ಒಲ್ಲೆನೆಂದ ವಿಧವೆಯರ ಹೊಲಕ್ಕೆ ಗುದ್ದಲಿ ಹೊತ್ತು ಹೋಗುತ್ತಾರೆ. ಆ ಹೆಂಗಸರ ಪಕ್ಕದಲ್ಲಿ ನಿಂತು ಮೊದಲ ಸಾಲು ಬಿತ್ತುತ್ತಾರೆ.