ಕೆಂಪು ಶಾಲಿನ ಮೂರನೆಯವಳು

ಹೋದ ತಿಂಗಳು ಮೊಮ್ಮಗಳು ಹೊಸ ಕೈಮಗ್ಗದ ಸೀರೆಯೊಂದರ ಮಡಿಕೆ ಬಿಚ್ಚಿದಳು. ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಒಂದು ಸಲ ಒಗೆದರೆ ಹೋಗುತ್ತದೆ ಎಂದು ಅವಳು ಮೂಗು ಮುಚ್ಚಿಕೊಂಡಳು. ನನಗೆ ಗಜೇಂದ್ರಗಡದ ನಮ್ಮ ನೇಕಾರರ ಮನೆ ನೆನಪಾಯಿತು, ಅದರ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಡ್ರಾಯಿಂಗ್ ಮಾಸ್ತರರು ನೆನಪಾದರು. ಅರವತ್ತು ವರ್ಷದ ಮೇಲಾಯಿತು. ಸಿಟ್ಟು ಇನ್ನೂ ಇಳಿದಿಲ್ಲ, ಸುಳ್ಳೇಕೆ ಹೇಳಲಿ.

ಆಗ ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಾನು ಆರನೆಯ ಇಯತ್ತೆ. ಪ್ರತಿ ಶನಿವಾರ ಮಾಸ್ತರರು ಶಾಲೆಯ ಗೋಡೆಗೆ ದೊಡ್ಡದೊಂದು ಹಾಳೆ ಅಂಟಿಸುತ್ತಿದ್ದರು. ಅದರಲ್ಲಿ ಆರು ಚೌಕ, ಆರು ಚಿತ್ರ. ಕೆಂಪು ಶಾಲಿನಲ್ಲಿ ಮುಖ ಮುಚ್ಚಿಕೊಂಡು ನಮ್ಮೂರ ಕೋಟೆಯಲ್ಲಿ ಅಡಗಿರುವ ವೀರನೊಬ್ಬ ಬಡವರ ಮೇಲೆ ಕೈ ಮಾಡಿದವರನ್ನು ಹಿಡಿದು ಬಡಿಯುವ ಕಥೆ. ಅವನಿಗೆ ಹೆಸರಿರಲಿಲ್ಲ, ಕೆಂಪು ಶಾಲಿನವ ಅಷ್ಟೇ. ಹಾಳೆ ಅಂಟಿಸುವ ಮೊದಲೇ ನಾವೆಲ್ಲ ಗೋಡೆಯ ಮುಂದೆ ಮುಕುರಿಕೊಂಡಿರುತ್ತಿದ್ದೆವು.

ಒಂದು ಸಲ ಅವರಿಗೆ ರೋಣಕ್ಕೆ ವರ್ಗವಾಯಿತು. ಕಥೆ ಮುಗಿಸಿಯೇ ಹೋಗೋಣವೆಂದು ಕೆಂಪು ಶಾಲಿನವನನ್ನು ಕೋಟೆಯ ಗೋಡೆಯಿಂದ ಕೆಡವಿ ಸಾಯಿಸಿಬಿಟ್ಟರು. ಮರುವಾರ ವರ್ಗ ರದ್ದಾಯಿತು! ಶಾಲೆಯ ಮಕ್ಕಳು ಅವರ ಬೆನ್ನು ಬಿಡಲಿಲ್ಲ. ಸತ್ತವನನ್ನು ಎಬ್ಬಿಸುವುದು ಹೇಗೆಂದು ತಲೆ ಕೆಡಿಸಿಕೊಂಡು ಅವರು ನಮ್ಮ ಪಡಸಾಲೆಯ ಹೊಸ್ತಿಲ ಮೇಲೆ ಕೂತಿದ್ದರು. ನಾನು ಒಳಗೆ ಮಗ್ಗದ ಹಿಂದೆ ಎಳೆ ಕೆಚ್ಚುತ್ತಿದ್ದೆ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ಬಿಚ್ಚುವುದಿಲ್ಲ. ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ, ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸಬೇಕು. ಕೆಚ್ಚುವುದೆಂದರೆ ಅದೇ. ನೇಕಾರರ ಮನೆಯ ಹೆಣ್ಣುಮಕ್ಕಳ ಕೆಲಸ.

"ಮಾಸ್ತರ್ರ, ಮನಿಷಾ ಸತ್ರ ಸಾಯ್ಲಿರಿ, ಶಾಲು ಐತೆಲ್ಲರಿ" ಅಂದೆ ನಾನು. "ಹಳೇ ಎಳಿಗೆ ಹೊಸಾದು ಕೆಚ್ಚಿದಂಗ, ಅದನ್ನ ಇನ್ನೊಬ್ಬಂವಗ ಹೊಚ್ಚರಿ. ಕಥ್ಯಾಗಿನ ಮಂದಿಗೆ ಗೊತ್ತಾಗೂದು ಬ್ಯಾಡ."

ಅವರು ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದರು. ಮುಂದಿನ ಶನಿವಾರ ಶಾಲು ಒಬ್ಬ ಕುರುಬನ ಹೆಗಲೇರಿತು. ಶಾಲೆಗೆ ಶಾಲೆಯೇ ಕುಣಿಯಿತು. "ಮೂರನೇದಾಕಿ ನೀನ ಆಗವ್ವಾ" ಎಂದರು ಮಾಸ್ತರರು ನನಗೆ. ಖರೇನೇ ಹೇಳಿದರು, ನನ್ನನ್ನು ಎದುರಿಗೆ ಕೂಡಿಸಿಕೊಂಡು ಚಿತ್ರವನ್ನೂ ಬರೆದರು. ನನ್ನ ಎರಡು ಜಡೆ, ಹಣೆಯ ಮೇಲಿನ ಕಲೆ, ಬೂದಿ ಹತ್ತಿದ ಬೆರಳು...

ಏಳನೆಯ ಇಯತ್ತೆ ಮುಗಿದರೆ ಶಾಲೆ ಬಿಡಿಸಿ ಮಗ್ಗಕ್ಕೆ ಕೂರಿಸುವುದೆಂದು ಅಪ್ಪ ಆಗಲೇ ಹೇಳಿಬಿಟ್ಟಿದ್ದ. ನಾನು ಅಳಲಿಲ್ಲ. ಕಥೆಯಲ್ಲಾದರೂ ಶಾಲು ಹೊದ್ದು ಕೋಟೆ ಹತ್ತುತ್ತೇನಲ್ಲ ಎಂಬ ಸೊಕ್ಕು ನನಗೆ. ಕಂಡ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಅಷ್ಟರಲ್ಲಿ ಯಾರೋ ಛಾಪಖಾನೆಯವರು ಕಥೆಯನ್ನು ಪುಸ್ತಕ ಮಾಡಲು ಒಪ್ಪಿದರು. ಮಾಸ್ತರರು ಗೋಡೆಗೆ ಹಾಳೆ ಅಂಟಿಸುವುದನ್ನು ನಿಲ್ಲಿಸಿ ಮೂರು ತಿಂಗಳು ಕೋಣೆಯ ಬಾಗಿಲು ಹಾಕಿಕೊಂಡು ಬರೆದರು. ಪುಸ್ತಕ ಬಂದ ದಿನ ಇಡೀ ತರಗತಿ ನನ್ನ ಸುತ್ತ ಕೂತಿತು. ನಾನೇ ಪುಟ ತಿರುವಿದೆ. ಕುರುಬ ಸತ್ತ. ಶಾಲು ಹೊದ್ದ ಮೂರನೆಯವನು ಊರ ದೇಸಾಯರ ಮೀಸೆಯ ಮಗ, ಕುದುರೆಯ ಮೇಲಿದ್ದ. ನಾನೂ ಇದ್ದೆ. ಎರಡು ಜಡೆ, ಹಣೆಯ ಮೇಲೆ ಕಲೆ. ಶಾಲಿನ ಒಳಗಿರುವವನು ಕುರುಬನೇ ಎಂದು ಬೂದಿ ಹತ್ತಿದ ಬೆರಳು ಮಾಡಿ ವೈರಿಗಳಿಗೆ ತೋರಿಸಿಕೊಟ್ಟವಳು ನಾನು. ಅವನನ್ನು ಕೊಲ್ಲಿಸಿದವಳು ನಾನು.

ನನ್ನ ಪಕ್ಕದಲ್ಲೇ ಕೂರುವ ಗೆಳತಿ ಎದ್ದು ಪಾಟಿಚೀಲ ತೆಗೆದುಕೊಂಡಳು. "ಇಕಿ ಮುಂದ ಇನ್ನ ಏನೂ ಹೇಳಬ್ಯಾಡ್ರೆ, ಕೈ ಮಾಡಿ ತೋರಸ್ತಾಳ" ಅಂದಳು. ನಾನು ಶಾಲೆ ಬಿಡುವವರೆಗೂ ನನಗೆ ಅದೇ ಹೆಸರಾಯಿತು, ಕೈ ತೋರಿಸಿದಾಕಿ.

ಸಂಜೆ ಮಾಸ್ತರರ ಕೋಣೆಯ ಬಾಗಿಲಲ್ಲಿ ನಿಂತೆ. ಕೇಳಲು ಬಾಯಿ ಬರಲಿಲ್ಲ, ಪುಸ್ತಕ ಮುಂದೆ ಹಿಡಿದೆ. ಅವರಿಗೆ ಅರ್ಥವಾಯಿತು.

"ಹುಡುಗಿಗೆ ಶಾಲು ಹೊಚ್ಚಿದ್ರ ಯಾರೂ ಓದೂದಿಲ್ಲಂತ ಛಾಪಖಾನ್ಯಾವ್ರು ಅಂದ್ರು ತಂಗಿ. ನಿನ್ನ ಮಾರಿ ಭಾಳ ಚಲೋ ಬಂದಿತ್ತು, ತಗದ ಒಗಿಯಾಕ ಮನಸ್ಸಾಗ್ಲಿಲ್ಲ. ಅದಕ್ಕ ವೈರಿಗಳ ಕಡೆ ಹಚ್ಚೀನಿ. ಪುಸ್ತಕದಾಗ ಬಂದಿ ನೋಡು."

ನಗುತ್ತಲೇ ಹೇಳಿದರು. ಉಪಕಾರ ಮಾಡಿದವರ ನಗು ಅದು. ನಾನು ಅವರ ಜೊತೆ ಮತ್ತೆ ಮಾತಾಡಲಿಲ್ಲ. ಆ ವರ್ಷವೇ ಅವರು ನರಗುಂದಕ್ಕೆ ವರ್ಗವಾಗಿ ಹೋದರು. ಆ ಪುಸ್ತಕದ ಮುಂದಿನ ಭಾಗಗಳಲ್ಲಿ ನಾಲ್ಕನೆಯವನು, ಐದನೆಯವನು ಬಂದರೆಂದು ಆಮೇಲೆ ಕೇಳಿದೆ. ಪ್ರತಿಯೊಬ್ಬನೂ ಶಾಲು ಹೊದೆಯುವಾಗ "ಹಳೆಯ ಎಳೆಗೆ ಹೊಸ ಎಳೆ" ಎನ್ನುತ್ತಾನಂತೆ. ಅದು ನನ್ನ ಮಾತು. ಎಲ್ಲಿಯೂ ನನ್ನ ಹೆಸರಿಲ್ಲ, ನನ್ನ ಮುಖ ಮಾತ್ರ ಮೊದಲ ಪುಸ್ತಕದ ಆ ಪುಟದಲ್ಲಿದೆ...

ಮೊನ್ನೆ ನರಗುಂದದ ಮದುವೆಯೊಂದಕ್ಕೆ ಹೋದವಳು ಹುಡುಕಿಕೊಂಡು ಅವರ ಮನೆಗೆ ಹೋದೆ. ಏನೇನು ಬೈಯಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೇ ಹೋಗಿದ್ದೆ. ಮಾಸ್ತರರು ತೀರಿಹೋಗಿ ಬಹಳ ವರ್ಷವಾಗಿತ್ತು. ಅವರ ಮಗಳು ಬಾಗಿಲು ತೆಗೆದಳು. ನಾನು ಯಾರೆಂದು ಹೇಳಿದ್ದೇ ತಡ, ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟಳು.

"ಅಪ್ಪಾರು ಸಾಯೂ ತನಕಾ ನಿಮ್ಮನ್ನ ನೆನಸ್ತಿದ್ರಿ" ಎಂದಳು. "ಪುಸ್ತಕದಾಗ ನಿಮ್ಮ ಚಿತ್ರಾ ನೋಡಿ ನಿಮಗ ಭಾಳ ಖುಷಿ ಆಗಿತ್ತಂತ. ಮಾತ ಹೊರಡಲಿಲ್ಲಂತ. ಖರೇ ಏನ್ರಿ?"

ಅವಳ ಮುಖ ನೋಡಿದೆ. ತಂದೆಯದೇ ನಗು.

"ಹೌದವ್ವಾ, ಖರೇ" ಅಂದೆ.